ಪರನಾಡಿನ ಅರ್ಥಿಂಗಿಗೆ ನೀರು ಹಾಕಿದ್ದು

ರಾಣೆಬೆನ್ನೂರು

ನೆದರ್‌ಲ್ಯಾಂಡ್ಸಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಹೂವಿನ ತೋಟ ನೋಡಿದಿರಾ ಎಂದು. ನಾನು ನೋಡಲಿಲ್ಲ. ಹೂವಿನ ಕಾಲ ಮುಗಿದುಹೋಗಿತ್ತು, ನಾನು ಹೋದದ್ದೂ ಹೂವಿಗಲ್ಲ, ಕರೆಂಟು ನೋಡಲಿಕ್ಕೆ. ನಗಬೇಡಿ. ಕರೆಂಟು ನೋಡಲು ವಿಮಾನ ಹತ್ತಿದ ಹೆಂಗಸು ರಾಣೆಬೆನ್ನೂರು ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಅಲ್ಲಿ ಮಾನ ಕಳೆದುಕೊಂಡು ಬಂದವಳೂ ನಾನೊಬ್ಬಳೇ. ಆ ಕಥೆಯನ್ನೇ ಹೇಳುತ್ತೇನೆ. ಹೂವಿನದನ್ನು ಬೇರೆ ಯಾರಾದರೂ ಹೇಳಲಿ.

ನಮ್ಮದು ಬೀಜ ಒಣಗಿಸುವ ಯುನಿಟ್. ಗುತ್ತಲ, ಗಳಗನಾಥದ ಕಡೆಯ ಹೆಣ್ಣುಮಕ್ಕಳು ಒಂದೊಂದೇ ಮೆಣಸಿನಕಾಯಿ ಹೂವಿನ ಎಸಳು ಬಿಡಿಸಿ, ಬೇರೆ ತಳಿಯ ಪರಾಗ ಸೋಕಿಸುವ ಕ್ರಾಸಿಂಗ್ ಮಾಡಿ ಬೆಳೆದ ಹೈಬ್ರಿಡ್ ಬೀಜ ಹಸಿಹಸಿಯಾಗಿ ನಮ್ಮಲ್ಲಿಗೆ ಬರುತ್ತದೆ. ಅದನ್ನು ಜಾಲರಿ ತಟ್ಟೆಗಳಲ್ಲಿ ಹರಡಿ ಉಗುರುಬೆಚ್ಚನೆಯ ಗಾಳಿಯಲ್ಲಿ ಬಿಡುವಿಲ್ಲದೆ ಒಣಗಿಸಬೇಕು. ಫ್ಯಾನು ನಿಂತರೆ ಹಸಿ ಬೀಜ ಒಳಗೊಳಗೇ ಕಾವು ಹಿಡಿದು ಸಾಯುತ್ತದೆ. ನೋಡಲು ಬಂಗಾರದಂತೆ ಇರುತ್ತದೆ, ಬಿತ್ತಿದರೆ ಮೊಳೆಯುವುದಿಲ್ಲ. ಹೋದ ಹಂಗಾಮಿನಲ್ಲಿ ಹಾಗೇ ಆಯಿತು. ಕರೆಂಟ್ ಹೋಯಿತು, ಜನರೇಟರ್ ಏಳಲಿಲ್ಲ, ಗಳಗನಾಥದ ರತ್ನವ್ವ ಮತ್ತು ಅವಳ ಓಣಿಯ ಹೆಂಗಸರ ಬೀಜವೆಲ್ಲ ಮೊಳಕೆ ಪರೀಕ್ಷೆಯಲ್ಲಿ ಫೇಲಾಯಿತು. ರತ್ನವ್ವ ಜಗಳಾಡಿದ್ದರೆ ಚೆನ್ನಾಗಿತ್ತು, ಆಡಲಿಲ್ಲ. ಖಾಲಿ ಚೀಲ ಮಡಚಿಕೊಂಡು ಹೋದಳು. "ಬರೋ ವರ್ಷ ಹಿಂಗ ಆಗೂದಿಲ್ಲ, ನನ್ನ ಮ್ಯಾಲ ಬಿಡ್ರಿ" ಎಂದು ನಾನೇ ಅವಳ ಹಿಂದೆ ಹೋಗಿ ಮಾತು ಕೊಟ್ಟೆ.

ಆ ಧೈರ್ಯ ತವರಿನದು. ಬ್ಯಾಡಗಿಯಲ್ಲಿ ನಮ್ಮಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಊರೆಲ್ಲ ಮೆಣಸಿನಕಾಯಿಯ ಘಾಟಿಗೆ ಸೀನುತ್ತಿದ್ದರೆ ನಾವು ವಾರ್ನಿಶ್ ವಾಸನೆಯಲ್ಲಿ ಬೆಳೆದೆವು. ಹಾಗಾಗಿ ಯುನಿಟ್ಟಿನಲ್ಲಿ ಕರೆಂಟಿನ ಕಾರುಬಾರು ನನ್ನದು. ಚಾವಣಿಯ ಮೇಲೆ ಸೋಲಾರ್ ಹಾಕಿಸಿದವಳೂ ನಾನೇ. ಆದರೆ ಅದರ ಬಾಳು ನೋಡಿ: ಸೋಲಾರ್ ಕೊಡುವುದು ಬ್ಯಾಟರಿಯಲ್ಲಿರುವಂಥ ಡಿಸಿ ಕರೆಂಟು. ಅದನ್ನು ಕಂಬದಿಂದ ಬರುವಂಥ ಎಸಿ ಕರೆಂಟು ಮಾಡಿ ಲೈನಿಗೆ ಸೇರಿಸುತ್ತೇವೆ. ಫ್ಯಾನಿನ ವೇಗ ಏರಿಸಿ ಇಳಿಸುವ ಡಬ್ಬಿಯೊಳಗೆ ಹೋದ ಮೇಲೆ ಅದು ಮತ್ತೆ ಡಿಸಿ ಆಗುತ್ತದೆ. ರೊಟ್ಟಿ ಬಡಿದು, ಬೇಯಿಸಿ, ಮತ್ತೆ ಬೀಸಿ ಹಿಟ್ಟು ಮಾಡಿದ ಹಾಗೆ. ಮೇಲಾಗಿ ಲೈನ್ ಹೋದರೆ ಸೋಲಾರೂ ಅದರ ಜೊತೆಗೇ ಮಲಗಿಬಿಡುತ್ತದೆ. ಮಟಮಟ ಮಧ್ಯಾಹ್ನ, ತಲೆಯ ಮೇಲೆ ಸೂರ್ಯ, ಕೆಳಗೆ ಫ್ಯಾನು ಬಂದ್.

ಆಗ ಸಿಕ್ಕಿದ್ದು ಈ ನೆದರ್‌ಲ್ಯಾಂಡ್ಸಿನ ಕಂಪನಿ. ಎಸಿ, ಡಿಸಿ ಎರಡನ್ನೂ ಒಂದೇ ಸಾಲಿನ ಬೀರುಗಳಲ್ಲಿ ಕೂಡಿಸಿದ ವ್ಯವಸ್ಥೆ ಅವರದು. ಪಂಪು, ದೀಪಗಳಿಗೆ ಲೈನಿನ ಎಸಿ. ಫ್ಯಾನುಗಳಿಗೆ ಸೋಲಾರು ಮತ್ತು ಬ್ಯಾಟರಿಯಿಂದ ನೇರವಾಗಿ ಡಿಸಿ. ಒಂದು ಬಿದ್ದರೆ ಇನ್ನೊಂದು ಕೈ ಹಿಡಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಪ್ರಯೋಗಕ್ಕೆಂದು ಒಂದೇ ಒಂದನ್ನು ಕೊಡುವವರಿದ್ದರು. ನಮಗೆ, ಇಲ್ಲವೇ ಹಾವೇರಿಯ ಇನ್ನೊಂದು ಯುನಿಟ್ಟಿಗೆ. ಹಾವೇರಿಯವರು ಆಗಲೇ ಹೋಗಿ ಬಂದಿದ್ದರು. "ನೀವೂ ಬಂದು ನೋಡಿ, ನಾವೂ ನಿಮ್ಮನ್ನು ನೋಡುತ್ತೇವೆ" ಎಂದು ಕರೆ ಬಂತು. ಹೆಣ್ಣು ನೋಡುವ ಶಾಸ್ತ್ರವೇ, ಆದರೆ ಇಲ್ಲಿ ಹೆಣ್ಣಿನ ಕಡೆಯವರು ವಿಮಾನ ಹತ್ತಬೇಕಿತ್ತು.

ನಮ್ಮ ಯಜಮಾನರು ಯುನಿಟ್ ಬಿಟ್ಟು ಬರಲಾರೆ ಎಂದರು. ಅವರ ಅಣ್ಣ, ನಮ್ಮ ಭಾವನವರು, ಮನೆಗೂ ಯುನಿಟ್ಟಿಗೂ ಹಿರಿಯರು. "ಮನಿ ಹೆಣ್ಣುಮಗಳನ್ನ ಒಬ್ಬಾಕಿನ್ನ ಕಳಸೂದು ಹೆಂಗ? ನಾ ಹೋಗ್ತೇನಿ" ಎಂದು ಶೇಂಗಾ ಹಿಂಡಿ, ಕಟಕ್ ರೊಟ್ಟಿ ಕಟ್ಟಿಸಿಕೊಂಡು ಹೊರಟೇಬಿಟ್ಟರು. ನನ್ನನ್ನು ನೋಡಿಕೊಳ್ಳಲು ಬಂದವರನ್ನು ನಾನು ನೋಡಿಕೊಂಡದ್ದೇ ಬಂತು.

ಉತ್ತರಕ್ಕೆ ಹೋಗುವ ರೈಲು

ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದು ರೈಲು ಹತ್ತಿದೆವು. ನಮ್ಮ ಕಡೆಯ ರೈಲಿನಲ್ಲಾದರೆ ಹುಬ್ಬಳ್ಳಿ ಬರುವುದರೊಳಗೆ ಎದುರು ಕೂತವರ ಮಗಳ ಲಗ್ನ ಎಲ್ಲಿಗೆ ಬಂತು ಎಂಬುದು ಗೊತ್ತಾಗಿರುತ್ತದೆ. ಇಲ್ಲಿ ಯಾರೂ ತುಟಿ ಪಿಟಕ್ಕೆನ್ನುತ್ತಿಲ್ಲ. ಭಾವನವರು ಫೋನ್ ತೆಗೆದು, "ಹಲೋ, ಮುಟ್ಟೇವಿ! ಆರಾಮ ಅದೇವಿ! ಅಲ್ಲೆ ಮಳಿ ಆತೇನು?" ಎಂದು ಫೋನಿಲ್ಲದೆಯೂ ರಾಣೆಬೆನ್ನೂರಿಗೆ ಕೇಳುವಂತೆ ಮಾತಾಡಿದರು.

ಒಬ್ಬ ಅಜ್ಜಿ ಎದ್ದು ಬಂದಳು. ಕಿಟಕಿಯ ಗಾಜಿನ ಮೇಲೆ ಬರೆದಿದ್ದ ಒಂದು ಪದವನ್ನು ಬೆರಳಿನಿಂದ ತೋರಿಸಿ, ಇದು ಮಾತಾಡದೆ ಕೂಡುವವರ ಬೋಗಿ ಎಂದು ಇಂಗ್ಲಿಷಿನಲ್ಲಿ ಹೇಳಿ, ಹೋಗಿ ಕೂತಳು. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ.

"ಏನಂತ ಆಕಿ?" ಎಂದರು ಭಾವನವರು.

"ಈ ಡಬ್ಬಿಯಾಗ ಮಾತಾಡಬಾರದಂತ್ರಿ ಭಾವಾರ."

"ಮಾತಾಡಬಾರದಂದ್ರ ಇಷ್ಟ ಮಂದಿ ಕೂಡಿ ಯಾಕ ಹೊಂಟಾರ?" ಎಂದು ಮೊದಲಿಗಿಂತ ಜೋರಾಗಿಯೇ ಕೇಳಿದರು. ನನಗೆ ಸೀಟಿನ ಕೆಳಗೆ ಇಳಿದುಬಿಡಬೇಕು ಎನ್ನಿಸಿತು. ಅದು ಆ ಪ್ರವಾಸದ ಮೊದಲ ನಾಚಿಕೆ. ಮುಂದೆ ಬಂದದ್ದರ ಲೆಕ್ಕದಲ್ಲಿ ಅದು ಏನೂ ಅಲ್ಲ.

ಪರದೆ ಇಲ್ಲದ ಊರು

ನಾವು ಉಳಿದುಕೊಂಡ ಊರು ಸಣ್ಣದು. ಮನೆಗಳ ಕಿಟಕಿಗಳು ಗೋಡೆಯಷ್ಟು ದೊಡ್ಡವು, ಒಂದಕ್ಕೂ ಪರದೆ ಇಲ್ಲ. ಬೀದಿಯಲ್ಲಿ ನಡೆದರೆ ಯಾರು ಊಟಕ್ಕೆ ಕೂತಿದ್ದಾರೆ, ಯಾರು ಮಗುವಿಗೆ ಅಂಗಿ ತೊಡಿಸುತ್ತಿದ್ದಾರೆ ಎಲ್ಲ ಕಾಣುತ್ತದೆ. ಯಾರೂ ಇಣುಕುವುದಿಲ್ಲ. ಭಾವನವರು ಮಾತ್ರ ಸಂಕೋಚದಿಂದ ನೆಲ ನೋಡಿಕೊಂಡೇ ನಡೆದರು. ಹಾಗೆ ನಡೆಯುತ್ತ ಸೈಕಲ್ಲುಗಳ ದಾರಿಗೆ ನುಗ್ಗಿ, ಕಾಲೇಜು ಹುಡುಗಿಯೊಬ್ಬಳಿಂದ ಗಂಟೆ ಹೊಡೆಸಿಕೊಂಡರು.

ನಾವು ಉಳಿದಿದ್ದ ಮನೆಯ ಒಡತಿಯನ್ನು ಕೇಳಿದೆ, ಪರದೆ ಯಾಕಿಲ್ಲ ಎಂದು. "ಮುಚ್ಚಿಡುವಂಥದ್ದು ಏನಿದೆ?" ಎಂದಳು. ಅದನ್ನು ಭಾವನವರಿಗೆ ಹೇಳಿದರೆ, "ಮುಚ್ಚೂವಂಥಾದ್ದು ಇರಲಾರದ ಮನಿ ಎಲ್ಲೈತಿ? ಹುಚ್ಚಿ ಇದ್ದಾಳ" ಎಂದು ನಕ್ಕರು. ನಾನೂ ನಕ್ಕೆ. ಇಲ್ಲಿಯವರಿಗೆ ನಯ ನಾಜೂಕು ಕಡಿಮೆ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಒಲ್ಲೆ ಎನ್ನುವುದಕ್ಕೆ ಒಲ್ಲೆ ಎಂದೇ ಅನ್ನುತ್ತಾರೆ. ನಮ್ಮಲ್ಲಿ "ನೋಡೋಣಂತ" ಎಂದು ಎಷ್ಟು ಚಂದ ಹೇಳುತ್ತೇವೆ.

ಒಂದು ವಿಷಯದಲ್ಲಿ ಮಾತ್ರ ಭಾವನವರು ಆ ದೇಶಕ್ಕೆ ಪೂರ್ತಿ ಒಲಿದರು. ಅಲ್ಲಿಯವರು ಮಧ್ಯಾಹ್ನ ರೊಟ್ಟಿ ಬದಲು ಬ್ರೆಡ್ಡು ತಿಂದರೂ ಅದರ ಜೊತೆ ಕುಡಿಯುವುದು ಮಜ್ಜಿಗೆ. ಉಪ್ಪಿಲ್ಲ, ಕೊತ್ತಂಬರಿ ಇಲ್ಲ, ಆದರೂ ಮಜ್ಜಿಗೆಯೇ. "ಮಜ್ಜಿಗಿ ಕುಡಿಯೋ ಮಂದಿ ಕೆಟ್ಟವರಿರಾಕ ಸಾಧ್ಯ ಇಲ್ಲ" ಎಂದು ಲೋಟದ ಮೇಲೆ ಲೋಟ ಇಳಿಸಿದರು.

ಕಾರ್ಖಾನೆಯ ಹಿಂದಿನ ಗೋಡೆ

ಕಂಪನಿಯ ಇಂಜಿನಿಯರ್ ಮರೈಕೆ ಎಂಬ ಹೆಂಗಸು. ನನ್ನ ವಯಸ್ಸಿನವಳು, ಬಾಗಿಲಿನಷ್ಟು ಎತ್ತರ. ಅವಳ ಕೈಕೆಳಗೆ ಹೆಂಕ್ ಎಂಬ ಎಲೆಕ್ಟ್ರಿಷಿಯನ್, ನಿವೃತ್ತಿಗೆ ಹತ್ತಿರದ ದಪ್ಪ ಮೀಸೆಯ ಆಸಾಮಿ. ವ್ಯವಸ್ಥೆಯನ್ನು ಒಂದು ಬೀಜ ಒಣಗಿಸುವ ಕಾರ್ಖಾನೆಯಲ್ಲೇ ಕೂಡಿಸಿದ್ದರು. ತಟ್ಟೆಗಳ ತುಂಬ ಯಾರದೋ ಹಸಿ ಬೀಜ, ಅದೇ ಸಪ್ಪಗಿನ ಹಸಿವಾಸನೆ. ನನಗೆ ನಮ್ಮ ಯುನಿಟ್ಟಿಗೇ ಕಾಲಿಟ್ಟಂತಾಯಿತು.

ಸ್ವಲ್ಪ ಹೊತ್ತಿನಲ್ಲಿ ಎಸಿ ಲೈನು ಬಂದ್ ಮಾಡಿ, ಫ್ಯಾನುಗಳು ಡಿಸಿಯ ಮೇಲೆ ಹೇಗೆ ಓಡುತ್ತವೆ ತೋರಿಸುತ್ತೇನೆ ಎಂದಳು ಮರೈಕೆ. ಅಲ್ಲಿಯವರೆಗೆ ಕಾಫಿ. ಭಾವನವರು ಕಾಫಿಗೆ ಕೂತರು, ನಾನು ಎದ್ದು ಹೊರಗೆ ಹೋದೆ. ಯಾವ ಕಾರ್ಖಾನೆಗೆ ಹೋದರೂ ನಾನು ಮೊದಲು ನೋಡುವುದು ಹಿಂದಿನ ಗೋಡೆ. ಅರ್ಥಿಂಗ್ ಇರುವುದು ಅಲ್ಲಿ.

ನಮ್ಮ ಕಡೆ ಅರ್ಥಿಂಗ್ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ನಡುವೆ ಪೈಪು ನಿಲ್ಲಿಸಿರುತ್ತೇವೆ. ಯಂತ್ರದಲ್ಲಿ ತಪ್ಪಿ ಹರಿದ ಕರೆಂಟು ಮನುಷ್ಯರಿಗೆ ಹೊಡೆಯದೆ ಅದರ ಮೂಲಕ ಭೂಮಿಗೆ ಇಳಿಯಬೇಕು. ಮಣ್ಣು ಒಣಗಿದರೆ ಇಳಿಯುವುದಿಲ್ಲ. ಅದಕ್ಕೇ ಬೇಸಿಗೆಯಲ್ಲಿ ಬೆಳಿಗ್ಗೆ ಯುನಿಟ್ಟಿಗೆ ಹೋದ ಕೂಡಲೇ ದೇವರಿಗೊಂದು ಊದುಬತ್ತಿ, ಅರ್ಥಿಂಗಿಗೊಂದು ಕೊಡ ನೀರು. ಶುಕ್ರವಾರ ಕುಂಕುಮವನ್ನೂ ಇಡುತ್ತೇನೆ. "ಅರ್ಥಿಂಗಿಗೆ ನೀರು ಹಾಕಲಾರದಾಂವ ಕರೆಂಟಿನ ಕೆಲಸಕ್ಕ ಬರಬಾರದು" ಎನ್ನುತ್ತಿದ್ದ ನಮ್ಮಪ್ಪ.

ಆ ವಾರ ಅಲ್ಲಿ ಸೆಕೆ ಬಿದ್ದಿತ್ತು. ಹುಲ್ಲೆಲ್ಲ ಕಂದಿ ನೆಲ ಬಿರುಕು ಬಿಟ್ಟಿತ್ತು. ಗೋಡೆಯ ಬುಡದಲ್ಲಿ ಬಾಯಿ ತೆರೆದ ಒಂದು ಪೈಪು, ಪಕ್ಕದಲ್ಲೇ ಹಸಿರು ಹಳದಿ ವೈರು. ಪಾಪ, ಇಷ್ಟು ದೊಡ್ಡ ಕಂಪನಿ, ಅರ್ಥಿಂಗಿಗೆ ನೀರು ಹಾಕುವ ಒಬ್ಬರಿಲ್ಲ ಎನ್ನಿಸಿತು. ಖರೆ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೂ ಆಯಿತು. ಗಿಡಗಳಿಗೆ ಹಾಕುವ ನೀರಿನ ಡಬ್ಬಿ ನಲ್ಲಿಯ ಹತ್ತಿರವೇ ಇತ್ತು. ತುಂಬಿ ಪೈಪಿನ ಬಾಯಿಗೆ ಸುರಿದೆ. ಗಟಗಟ ಕುಡಿಯಿತು. ಎಷ್ಟು ಬಾಯಾರಿತ್ತೋ ಎಂದು ಇನ್ನೊಂದು ಡಬ್ಬಿಯನ್ನೂ ಹಾಕಿ, ಕೈ ಮುಗಿದು ಒಳಗೆ ಬಂದೆ.

ಮರೈಕೆ ಎಸಿಯ ಹಿಡಿ ತಿರುಗಿಸಿದಳು. ದೀಪಗಳು ಆರಿದವು. ಫ್ಯಾನುಗಳ ಸದ್ದು ಒಂದಿಷ್ಟೂ ಅಳುಕಲಿಲ್ಲ. ನಾನು ಕತ್ತಲಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡೆ. ಹೋದ ಹಂಗಾಮಿನಲ್ಲಿ ಈ ಸದ್ದು ನಮ್ಮಲ್ಲಿ ಇದ್ದಿದ್ದರೆ ರತ್ನವ್ವ ಖಾಲಿ ಚೀಲ ಮಡಚುತ್ತಿರಲಿಲ್ಲ.

ಆಗ ಎಲ್ಲೋ ಕೀಂಯ್ ಎಂದಿತು. ಕೆಂಪು ದೀಪ ಹೊತ್ತಿತು. ಫ್ಯಾನುಗಳು ಒಂದೊಂದೇ ಸುಸ್ತಾಗಿ ನಿಂತವು. ಮರೈಕೆ ಲೈನನ್ನು ಮತ್ತೆ ಹಾಕಿದಳು; ದೀಪ ಬಂತು, ಫ್ಯಾನು ಬರಲಿಲ್ಲ. ಡಿಸಿಯಲ್ಲಿ ಎಲ್ಲಾದರೂ ಕರೆಂಟಿನ ಸೋರಿಕೆ ಕಂಡರೆ, ಅದು ಸಿಗುವ ತನಕ ತಾನೇ ಬೀಗ ಹಾಕಿಕೊಂಡು ಕೂಡುವ ವ್ಯವಸ್ಥೆ ಅದು. ಹೆಂಕ್ ಹೊರಗೆ ಓಡಿದ. ತಿರುಗಿ ಬಂದಾಗ ಅವನ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಆ ಪೈಪು ಅರ್ಥಿಂಗಿನದಲ್ಲ. ಚಾವಣಿಯ ಸೋಲಾರಿನಿಂದ ಬ್ಯಾಟರಿ ಕೋಣೆಗೆ ಡಿಸಿ ವೈರು ಹೋಗುವ ದಾರಿ ಅದು. ಹೊಸ ವೈರು ಎಳೆಯಬೇಕೆಂದು ಹೆಂಕ್ ಅದರ ಬಾಯಿ ತೆರೆದಿಟ್ಟಿದ್ದ.

"ಯಾರಾದರೂ ಅಲ್ಲಿ ನೀರು ಹಾಕಿದಿರಾ?" ಎಂದು ಮರೈಕೆ ಕೇಳಿದಳು. ಸುತ್ತು ಬಳಸು ಇಲ್ಲ, ಸಿಟ್ಟೂ ಇಲ್ಲ.

ನಾನು ಬಾಯಿ ತೆರೆಯುವುದರೊಳಗೆ ಭಾವನವರು ಎದ್ದು ನಿಂತರು. ನನ್ನ ಸೀರೆಯ ಅಂಚು ಒದ್ದೆಯಾಗಿದ್ದನ್ನು ಅವರು ನೋಡಿದ್ದರು. ತಮಗೆ ಬರುವ ಇಂಗ್ಲಿಷಿನಲ್ಲಿ, ನಮ್ಮ ಹೆಣ್ಣುಮಗಳು ನನ್ನ ಜೊತೆಗೇ ಇದ್ದಳು, ಹೊರಗೆ ಹೋಗಿಯೇ ಇಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗದೆ ಮೆಲ್ಲಗೆ, "ನೀ ಸುಮ್ನ ಇರು. ಹೊರಗಿನವರ ಮುಂದ ಮನಿ ಹೆಣ್ಣುಮಗಳ ತಲಿ ತಗ್ಗಬಾರದು" ಎಂದರು.

ನಾನು ಸುಮ್ಮನಿದ್ದೆ. ನಮ್ಮ ಮನೆಯಲ್ಲಿ ಹೊರಗಿನವರ ಎದುರು ಹಿರಿಯರ ಮಾತಿಗೆ ಎದುರಾಡಿದವರಿಲ್ಲ. ಹಾಗಂತ ಎಲ್ಲವನ್ನೂ ರೂಢಿಯ ಮೇಲೆ ಹಾಕಲಾರೆ. ಆ ಒಂದು ಯಂತ್ರ ಕೈತಪ್ಪೀತು ಎಂಬ ಭಯವೂ ನನ್ನ ಬಾಯಿ ಕಟ್ಟಿತ್ತು.

"ಹಾಗಾದರೆ ಹುಲ್ಲಿಗೆ ನೀರು ಬಿಡುವ ಪೈಪು ಸೋರಿರಬೇಕು" ಎಂದ ಹೆಂಕ್. "ಬಾಯಿ ಮುಚ್ಚದೆ ಬಿಟ್ಟವನು ನಾನು. ತಪ್ಪು ನನ್ನದು." ಹೊತ್ತೆಷ್ಟಾಯಿತು ಎಂದು ಹೇಳುವಷ್ಟು ಸರಾಗವಾಗಿ ಹೇಳಿದ.

ಊಟದ ಮೇಜು

ಅಲ್ಲಿ ಮಾಲೀಕರು, ಇಂಜಿನಿಯರು, ಬೀಜ ಹರಡುವವರು ಎಲ್ಲರೂ ಒಂದೇ ಮೇಜಿಗೆ ಕೂಡುತ್ತಾರೆ. ಬ್ರೆಡ್ಡು, ಚೀಸು, ಮಜ್ಜಿಗೆ ಬಂದವು. ಅರ್ಧ ಕುರ್ಚಿಗಳು ಖಾಲಿ. ಒಂದಷ್ಟು ಜನ ತಟ್ಟೆಗಳನ್ನು ಗಾಡಿಗೆ ಪೇರಿಸಿ ಇನ್ನೊಂದು ಹಾಲಿಗೆ ಸಾಗಿಸುತ್ತಿದ್ದರು. ಹೆಂಕ್ ಸೋರುವ ಪೈಪು ಹುಡುಕಿ ಸಿಗದೆ, ಈಗ ನೆಲದೊಳಗಿನ ವೈರಿನ ಡಬ್ಬಿ ಬಿಚ್ಚಿ ಒಣಗಿಸುತ್ತಿದ್ದ.

"ಹೆಂಕ್ ಒಳ್ಳೆಯ ಕೆಲಸಗಾರ" ಎಂದಳು ಮರೈಕೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಆದರೆ ಈ ಪ್ರಯೋಗದಿಂದ ಅವನನ್ನು ತೆಗೆಯಬೇಕಾಗುತ್ತದೆ. ಪೈಪಿನ ಬಾಯಿ ತೆರೆದಿಟ್ಟವನನ್ನು ಹೇಗೆ ಇಟ್ಟುಕೊಳ್ಳಲಿ?"

ನಾನು ಕೈಯಲ್ಲಿದ್ದ ಬ್ರೆಡ್ಡು ಕೆಳಗಿಟ್ಟೆ. ಮೀಸೆಯ ಮನುಷ್ಯ ಅಲ್ಲಿ ಮೊಣಕಾಲೂರಿ ನನ್ನ ನೀರನ್ನು ಒರೆಸುತ್ತಿದ್ದಾನೆ, ನಾನು ಇಲ್ಲಿ ಅವನ ಕಂಪನಿಯ ಅನ್ನ ತಿನ್ನುತ್ತಿದ್ದೇನೆ. ನಾಚಿಕೆ ಎಂದರೆ ಮುಖ ಬಿಸಿಯಾಗುವುದು ಎಂದುಕೊಂಡಿದ್ದೆ. ಅಂದು ನನ್ನ ಕೈಕಾಲು ತಣ್ಣಗಾದವು.

"ನೀರು ಹಾಕಿದ್ದು ನಾನು" ಎಂದೆ.

ಭಾವನವರಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. ಅವರ ಮಜ್ಜಿಗೆಯ ಲೋಟ ತುಟಿಯ ಹತ್ತಿರವೇ ನಿಂತಿತು. ಅವರ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಮದುವೆಯಾಗಿ ಬಂದ ಮೇಲೆ ಅವರ ಮಾತನ್ನು ಸುಳ್ಳು ಮಾಡಿದ್ದು ಅದೇ ಮೊದಲು, ಅದೂ ಪರದೇಶದವರ ಊಟದ ಮೇಜಿನಲ್ಲಿ.

ಮರೈಕೆ ಹೆಂಕನನ್ನು ಕರೆಸಿದಳು. ಅವನು ಕೇಳಿದ್ದು ಒಂದೇ, ಯಾಕೆ ಹಾಕಿದಿರಿ ಎಂದು. ಉಪ್ಪು, ಇದ್ದಿಲು, ಕೊಡ ನೀರು, ಶುಕ್ರವಾರದ ಕುಂಕುಮ ಎಲ್ಲ ಹೇಳಿದೆ. ಹೆಂಕ್ ನಗಲಿಲ್ಲ. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಅಂಗಳದ ಒಂದು ಮುಚ್ಚಳ ಎತ್ತಿ ತೋರಿಸಿದ. ತೋಳು ಚಾಚಿದರೆ ಎಟುಕುವಷ್ಟು ಕೆಳಗೆ ನೀರು. "ಇಲ್ಲಿ ಮೇಲಿನ ಹುಲ್ಲು ಮಾತ್ರ ಒಣಗುತ್ತದೆ. ಈ ನೆಲಕ್ಕೆ ನೀರು ಹಾಕಿದವರನ್ನು ನಾನು ಇದೇ ಮೊದಲು ನೋಡಿದ್ದು. ನಾವು ಹುಟ್ಟಿದಾಗಿನಿಂದ ನೀರನ್ನು ಹೊರಗೆ ಹಾಕುತ್ತಲೇ ಇದ್ದೇವೆ" ಎಂದ.

ಇನ್ನೊಂದು ಮಾತನ್ನೂ ಹೇಳಿದ. ಅವರ ಡಿಸಿ ನಮ್ಮ ಎಸಿಯ ಹಾಗೆ ಭೂಮಿಗೆ ಆತುಕೊಂಡದ್ದಲ್ಲ. ಅದನ್ನು ಭೂಮಿಯಿಂದ ಬೇಕೆಂದೇ ಬೇರೆ ಇಟ್ಟಿರುತ್ತಾರೆ. ಎಲ್ಲಾದರೂ ತಾಗಿದರೆ ತಕ್ಷಣ ತಿಳಿಯಲಿ ಎಂದು. ಮಡಿಯುಟ್ಟ ಅಜ್ಜಿಯ ಹಾಗೆ, ಯಾರೂ ಸೋಕಬಾರದು. ನಾನು ಭಕ್ತಿಯಿಂದ ಹೋಗಿ ಆ ಅಜ್ಜಿಯನ್ನೇ ಮುಟ್ಟಿ ಬಂದಿದ್ದೆ.

ನಾಲೆಯ ದಂಡೆ

ಮರುದಿನ ಮರೈಕೆ ನಮ್ಮಿಬ್ಬರನ್ನೂ ನಾಲೆಯ ದಂಡೆಗೆ ಕರೆದುಕೊಂಡು ಹೋದಳು. ನಾಲೆಯ ನೀರು ಎತ್ತರದಲ್ಲಿ, ಹೊಲಗಳು ಕೆಳಗೆ. ನಮ್ಮ ತುಂಗಭದ್ರೆ ಹೀಗೆ ಹರಿದಿದ್ದರೆ ಗಳಗನಾಥದ ಗುಡಿಯ ಕಳಸವೂ ಮುಳುಗಿರುತ್ತಿತ್ತು. ಅಷ್ಟು ಹೊತ್ತಿಗೆ ಡಿಸಿ ಸರಿಹೋಗಿತ್ತು, ಹೆಂಕ್ ಪ್ರಯೋಗದಲ್ಲೇ ಉಳಿದಿದ್ದ. ಬೀಜದಲ್ಲಿ ಎಷ್ಟು ಉಳಿಯಿತು ಎಂದು ಕೇಳಿದೆ. "ಮೊಳಕೆ ನೋಡಿದ ಮೇಲೆ ಗೊತ್ತಾಗುತ್ತದೆ" ಎಂದಳು. ಆ ಉತ್ತರ ನನಗೆ ಚೆನ್ನಾಗಿ ಗೊತ್ತಿರುವಂಥದ್ದೇ.

ನಡೆಯುತ್ತಲೇ ಹೇಳಿದಳು: "ಯಂತ್ರವನ್ನು ಹಾವೇರಿಯವರಿಗೆ ಕೊಡುತ್ತೇವೆ. ನೀರು ಹಾಕಿದ್ದಕ್ಕಲ್ಲ. ಪೈಪಿಗೆ ಮುಚ್ಚಳ ಬೇಕೆಂದು ಅದರಿಂದ ನಾವು ಕಲಿತೆವು. ಆದರೆ ಪ್ರಯೋಗದ ಯಂತ್ರ ದಿನಕ್ಕೊಂದು ತಕರಾರು ತೆಗೆಯುತ್ತದೆ. ಆದದ್ದನ್ನು ಆದ ಹಾಗೆ, ಆಗಲೇ ಹೇಳುವವರು ಬೇಕು. ನಿಮ್ಮಿಂದ ಮೊದಲು ಬಂದದ್ದು ಬೇರೆಯದೇ ಮಾತು."

"ನಾನು ಹೇಳಿದೆನಲ್ಲ" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಹೇಳಿದಿರಿ. ಊಟದ ಹೊತ್ತಿಗೆ. ಅಷ್ಟು ಹೊತ್ತು ಹೆಂಕ್ ಎಲ್ಲೂ ಇರದ ಸೋರಿಕೆಯನ್ನು ಹುಡುಕಿದ, ಬೀಜ ಕಾವು ಹಿಡಿಯಿತು."

"ಏನಂತ ಆಕಿ?" ಎಂದರು ಭಾವನವರು.

ರೈಲಿನಿಂದ ಹಿಡಿದು ಅಲ್ಲಿಯವರೆಗೆ ನಾನು ಅವರಿಗೆ ಚುಚ್ಚುವ ಮಾತನ್ನೆಲ್ಲ ಎಣ್ಣೆ ಹಚ್ಚಿ ನುಣುಪು ಮಾಡಿಯೇ ಕೊಟ್ಟಿದ್ದೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಾಲೆಯ ಕಡೆ ಮುಖ ತಿರುಗಿಸಿದರು.

"ನಾ ನಿನ್ನ ಮರ್ಯಾದಿ ಕಾಯಾಕ ಹೇಳಿದ್ದೆವ್ವಾ."

"ಗೊತ್ತೈತ್ರಿ ಭಾವಾರ."

ತಿರುಗಿ ಬರುವ ರೈಲಿನಲ್ಲಿ ಯಾವ ಬೋಗಿಯಲ್ಲಿ ಕೂತೆವೋ ನೆನಪಿಲ್ಲ. ಎಲ್ಲಿ ಕೂತಿದ್ದರೂ ಯಾರಿಗೂ ತೊಂದರೆಯಾಗುತ್ತಿರಲಿಲ್ಲ.

ಮತ್ತೆ ರಾಣೆಬೆನ್ನೂರು

ನಾವು ಬಂದ ಸುದ್ದಿ ಕೇಳಿ ರತ್ನವ್ವ ಓಣಿಯ ಹೆಂಗಸರನ್ನು ಕರೆದುಕೊಂಡು ಬಸ್ಸು ಹತ್ತಿ ಬಂದಳು. ಯುನಿಟ್ಟಿನ ಅಂಗಳದಲ್ಲಿ ಎಲ್ಲರಿಗೂ ಚಾ ಕೊಟ್ಟೆವು. ಭಾವನವರು ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಚಾ ಮುಟ್ಟಿರಲಿಲ್ಲ.

"ಮಷಿನ್ ಯಾವಾಗ ಬರತೈತ್ರಿ ಅಕ್ಕಾರ?" ಎಂದಳು ರತ್ನವ್ವ. "ಈ ಸಲ ಬೀಜ ಚಲೋ ಹಿಡದೈತಿ."

"ನಮಗ ಬರೂದಿಲ್ಲ ರತ್ನವ್ವ. ಹಾವೇರಿಗೆ ಬರತೈತಿ. ಈ ಸಲ ಬೀಜ ಅಲ್ಲಿಗೇ ಒಯ್ರಿ" ಎಂದೆ. ನಮ್ಮ ಯಜಮಾನರು ತಟ್ಟನೆ ನನ್ನ ಮುಖ ನೋಡಿದರು. ಬೆಳೆಗಾರರನ್ನು ಕೈಯಾರೆ ಎದುರಾಳಿ ಯುನಿಟ್ಟಿಗೆ ಕಳಿಸುವ ಮಾತನ್ನು ನಾನು ಅವರಿಗೂ ಹೇಳಿರಲಿಲ್ಲ.

"ನಿಮಗ್ಯಾಕ ಕೊಡಲಿಲ್ರಿ?"

ನಾಲೆಯ ದಂಡೆಯಲ್ಲಿ ಅಷ್ಟು ಕೇಳಿಸಿಕೊಂಡು ಬಂದವಳು ನಾನು. ಆದರೂ ಭಾವನವರ ಬಿಳಿ ಟೋಪಿ, ಬಗ್ಗಿದ ಬೆನ್ನು ನೋಡಿದ ಕೂಡಲೇ ನಾಲಿಗೆ ತಾನೇ ಹೊರಳಿತು. "ತಪ್ಪು ನಂದಽ. ಅವರ ಪೈಪಿನ್ಯಾಗ ನೀರು ಹಾಕಿ ಕೆಡಿಸಿಬಿಟ್ಟೆ. ಅದಕ್ಕ ಸಿಟ್ಟಾಗಿ ಕೊಡಲಿಲ್ಲ" ಎಂದೆ.

ಹೆಂಗಸರು ಅಯ್ಯ ಎಂದರು. ಒಬ್ಬಳು, "ನೀರು ಹಾಕಿದ್ದಕ್ಕ ಇಷ್ಟ ಸಿಟ್ಟೇನ್ರಿ?" ಎಂದಳು.

"ಇಲ್ಲ" ಎಂದರು ಭಾವನವರು. ಕುರ್ಚಿಯ ಕೈ ಹಿಡಿದು ಎದ್ದು ನಿಂತರು. "ಆಕಿ ಹೇಳೂದು ಖರೇ ಅಲ್ಲ. ನೀರಿನ ಸಲುವಾಗಿ ಅಲ್ಲ. ನೀರು ಯಾರು ಹಾಕಿದ್ರು ಅಂತ ಅವರು ಕೇಳಿದಾಗ ನಾ ಸುಳ್ಳ ಹೇಳಿದೆ. ಸುಳ್ಳ ಹೇಳೋ ಮನಿಗೆ ಬ್ಯಾಡ ಅಂದ್ರು. ತಪ್ಪು ನಂದು."

ಊರಿನ ಹಿರಿಯರ ಸಾಲಿನಲ್ಲಿ ಕೂಡುವ ಮನುಷ್ಯ. ಬೆಳೆಗಾರರ ಮುಂದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ರತ್ನವ್ವ ಚಾದ ಲೋಟ ಕೆಳಗಿಟ್ಟು, "ಆತ್ ಬಿಡ್ರಿ ಸಾಹುಕಾರ್ರ. ಹಾವೇರಿಗೆ ಹಸೀ ಬೀಜ ಹೆಂಗ ಒಯ್ಯೂದು, ಅದನ್ನರ ಹೇಳ್ರಿ" ಎಂದಳು.

"ನಮ್ಮ ಗಾಡಿ ಐತಿ. ನಾನಽ ಮುಂದ ಕುಂತು ಬರ್ತೇನಿ. ಅವರಿಗೆ ಹೇಳಿ ಇಳಿಸಿ ಬರ್ತೇನಿ" ಎಂದರು ಭಾವನವರು.

ನಾನು ಚಾದ ಲೋಟಗಳನ್ನು ಎತ್ತಿಕೊಳ್ಳಲು ಬಗ್ಗಿದವಳು ಬಗ್ಗಿಯೇ ಇದ್ದೆ. ಪರದೇಶದಲ್ಲಿ ಸುಳ್ಳಿಗೆ ಸುಮ್ಮನಿದ್ದವಳು, ಊರಿಗೆ ಬಂದು ನಾನೇ ಬಾಯಿಬಿಟ್ಟು ಸುಳ್ಳು ಹೇಳಿದ್ದೆ. ನನ್ನ ತಲೆ ತಗ್ಗದಿರಲಿ ಎಂದು ಅಲ್ಲಿ ಸುಳ್ಳು ಹೇಳಿದವರು ಇಲ್ಲಿ ಎಲ್ಲರೆದುರು ತಮ್ಮ ತಲೆ ತಗ್ಗಿಸಿ ನಿಂತಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ.